ಗಳಿಸಿದ ಕಾರು

ಅನಾಯಾಸವಾಗಿ ಕೈಸೇರಿದ ವಸ್ತುವಿಗಿಂತ ಶ್ರಮದಿಂದ ಗಳಿಸಿದ ವಸ್ತು ಮನುಷ್ಯನಿಗೆ ಹೆಚ್ಚು ಪ್ರಿಯವಾಗುತ್ತದೆ. ಈ ಮಾತು ಆಟಕ್ಕೂ ಸಲ್ಲುತ್ತದೆ ಎಂಬುದಕ್ಕೆ ಜಪಾನಿನ ‘ಗ್ರ್ಯಾನ್ ಟುರಿಸ್ಮೊ’ ಎಂಬ ವಿಡಿಯೊ ಆಟವೇ ನಿದರ್ಶನ.

ಕಜುನೊರಿ ಯಮಾಉಚಿ ಮತ್ತು ಅವರ ಸಂಗಡಿಗರು ರೂಪಿಸಿದ ಈ ಕಾರು ಪಂದ್ಯದ ಆಟವು 1997ರಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರಬಂದಿತು. ಅದರ ಮುಖ್ಯ ವಿಭಾಗದಲ್ಲಿ ಆಟಗಾರನಿಗೆ ಮೊದಲು ದೊರೆಯುವುದು ಆಟದೊಳಗಿನ ಅಲ್ಪ ಹಣ ಮಾತ್ರ. ಅದರಿಂದ ಸಾಧಾರಣವಾದ ಹಳೆಯ ಕಾರೊಂದನ್ನು ಕೊಳ್ಳಬಹುದು. ಪರವಾನಗಿಯ ಪರೀಕ್ಷೆಗಳಲ್ಲಿ ತೇರ್ಗಡೆಯಾಗದೆ ಹಿರಿಯ ಪಂದ್ಯಗಳಿಗೆ ಪ್ರವೇಶವಿಲ್ಲ. ವೇಗವಾಗಿ ಸಾಗಿ ಗುರುತಿಸಿದ ಸ್ಥಳದಲ್ಲಿ ನಿಲ್ಲಿಸುವುದು, ತಿರುವಿಗೆ ಮುನ್ನವೇ ವೇಗ ತಗ್ಗಿಸುವುದು ಮುಂತಾದುವನ್ನು ಅಲ್ಲಿ ಕಲಿಯಬೇಕು. ಪಂದ್ಯಗಳನ್ನು ಗೆದ್ದಂತೆ ಹಣವೂ ಕೆಲವೊಮ್ಮೆ ಕಾರುಗಳೂ ಬಹುಮಾನವಾಗಿ ಬರುತ್ತವೆ. ಪ್ರಬಲವಾದ ಕಾರನ್ನು ಮೊದಲ ದಿನವೇ ಪಡೆದ ಅನನುಭವಿಯು ಮೊದಲ ತಿರುವಿನಲ್ಲೇ ದಾರಿ ತಪ್ಪುತ್ತಾನೆ. ಆದುದರಿಂದ ಈ ಕ್ರಮವು ಶಿಕ್ಷೆಯಲ್ಲ, ಶಿಕ್ಷಣ.

‘ಬೆಲೆ ತೆತ್ತು ಆಟವನ್ನು ಕೊಂಡವನಿಗೆ ಅದರಲ್ಲಿರುವ ಕಾರುಗಳನ್ನು ತಡೆಹಿಡಿಯುವುದು ನ್ಯಾಯವೇ?’ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ದಿನವಿಡೀ ದುಡಿದು ಬಂದವನಿಗೆ ಆಟಕ್ಕೆಂದು ಉಳಿಯುವುದು ಅರ್ಧ ಗಂಟೆಯಷ್ಟೇ ಇರಬಹುದು. ಮೊದಲ ಆಟದಲ್ಲಿಯೇ ಇದಕ್ಕೊಂದು ಪರಿಹಾರವಿತ್ತು. ‘ಆರ್ಕೇಡ್’ ಎಂಬ ಪ್ರತ್ಯೇಕ ವಿಭಾಗದಲ್ಲಿ ಹಲವು ಕಾರುಗಳು ಆರಂಭದಿಂದಲೇ ಲಭ್ಯವಿದ್ದವು.

ದೋಷವು ಹುಟ್ಟುವುದು ಗಳಿಕೆಯಿಂದಲ್ಲ, ಗಳಿಕೆಯ ಹೆಸರಿನ ವ್ಯಾಪಾರದಿಂದ. ಇದೇ ಮಾಲಿಕೆಯ ‘ಗ್ರ್ಯಾನ್ ಟುರಿಸ್ಮೊ 7’ ಎಂಬ ಆಟವು 2022ರ ಮಾರ್ಚ್ ತಿಂಗಳಲ್ಲಿ ಬಿಡುಗಡೆಯಾಯಿತು. ಕೆಲವೇ ದಿನಗಳಲ್ಲಿ ಹಲವು ಪಂದ್ಯಗಳ ಬಹುಮಾನದ ಮೊತ್ತವನ್ನು ಇಳಿಸಲಾಯಿತು. ಆಟದೊಳಗಿನ ಹಣವನ್ನು ನಿಜವಾದ ಹಣಕ್ಕೆ ಮಾರುವ ಏರ್ಪಾಡೂ ಅದರಲ್ಲಿತ್ತು. ಆಟಗಾರರು ತೀವ್ರವಾಗಿ ಪ್ರತಿಭಟಿಸಿದರು. ಯಮಾಉಚಿಯವರು ಕ್ಷಮೆ ಯಾಚಿಸಿದರು. ಆಟಗಾರರಿಗೆ ಆಟದ ಹಣವಾದ 10 ಲಕ್ಷ ಕ್ರೆಡಿಟ್‌ಗಳನ್ನು ಉಚಿತವಾಗಿ ನೀಡಲಾಯಿತು. ಏಪ್ರಿಲ್‌ನಲ್ಲಿ ಬಹುಮಾನಗಳನ್ನೂ ಹೆಚ್ಚಿಸಲಾಯಿತು.

ಸಾಧನೆ ಬೇರೆ, ಬರಿಯ ದಣಿವು ಬೇರೆ. ಕಠಿಣವಾದ ತಿರುವನ್ನು ಹತ್ತು ಬಾರಿ ಯತ್ನಿಸಿ ಗೆದ್ದವನ ಕೈಗೆ ಹೊಸ ಕುಶಲತೆ ಬಂದಿರುತ್ತದೆ. ಕರಗತವಾದ ಪಂದ್ಯವನ್ನೇ ಹಣಕ್ಕಾಗಿ ನೂರು ಬಾರಿ ಓಡಿದವನು ಹೊಸದೇನನ್ನೂ ಕಲಿಯುವುದಿಲ್ಲ. ಅವನು ಕಳೆದುಕೊಳ್ಳುವುದು ಕಾಲವನ್ನು. ಬೇಸರವನ್ನು ಬೆಳೆಸಿ, ಅದರಿಂದ ಪಾರಾಗುವ ದಾರಿಯನ್ನು ಮಾರುವ ಆಟವು ಆಟಗಾರನ ತಾಳ್ಮೆಯನ್ನು ಗೌರವಿಸುವುದಿಲ್ಲ. ಕಾರು ಕೈಗೆ ಬರುವ ಹೊತ್ತಿಗೆ ಅದನ್ನು ನಡೆಸುವ ಯೋಗ್ಯತೆಯೂ ಬಂದಿದ್ದರೆ ಮಾತ್ರ ಅದನ್ನು ಗಳಿಕೆ ಎನ್ನಬಹುದು.