ಪೀಜ್ ಗೋಪುರ ಮತ್ತು ನಾವು ಕಟ್ಟದೇ ಬಿಟ್ಟ ಊರ ಟಿವಿ

ಗುಜರಾತಿನ ಖೇಡಾ ಜಿಲ್ಲೆಯಲ್ಲಿ, ನಡಿಯಾದ್ ಪಟ್ಟಣದ ಸಮೀಪ, ಪೀಜ್ ಎಂಬ ಹಳ್ಳಿಯಿದೆ. 1975ರಲ್ಲಿ ಅಲ್ಲಿ ಒಂದು ಟಿವಿ ಪ್ರಸಾರಕ ಶುರುವಾಯಿತು. ಅದರ ಶಕ್ತಿ ಒಂದೇ ಒಂದು ಕಿಲೋವಾಟ್. ಮಹಾನಗರಗಳ ಪ್ರಸಾರಕಗಳ ಎದುರು ಅದು ತೀರಾ ಸಣ್ಣದು. ಆದರೂ ಟಿವಿ ಹಳ್ಳಿಯವರ ಮಾತಿಗೆ ಕಿವಿಗೊಟ್ಟು ಕೆಲಸ ಮಾಡಿದ್ದು ಈ ದೇಶದಲ್ಲಿ ಎಲ್ಲಿ ಎಂದು ಕೇಳಿದರೆ ಇಂದಿಗೂ ಮೊದಲು ಹೇಳಬೇಕಾದ ಹೆಸರು ಪೀಜ್‌ನದೇ.

ಅದೇ ವರ್ಷ ಆಗಸ್ಟ್ 1ರಂದು ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ‘ಸೈಟ್’ ಎಂಬ, ಉಪಗ್ರಹದ ಮೂಲಕ ಟಿವಿ ಶಿಕ್ಷಣ ಕೊಡುವ ಪ್ರಯೋಗ ಆರಂಭವಾಗಿತ್ತು. ವಿಕ್ರಂ ಸಾರಾಭಾಯ್ ಕಂಡ ಕನಸದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ಇಳಿದುಬಂತು. ನಮ್ಮ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಅವುಗಳಿಗೆ ಬೇಕಾದ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಮಾತ್ರ ಹೈದರಾಬಾದಿನಲ್ಲಿ. ಒಂದು ವರ್ಷದ ಗಡುವು ಮುಗಿದು 1976ರ ಜುಲೈ 31ಕ್ಕೆ ಪ್ರಯೋಗ ನಿಂತಿತು. ಆಕಾಶದಿಂದ ಬರುತ್ತಿದ್ದ ಚಿತ್ರ ಅಲ್ಲಿಗೆ ಬಂದ್.

ಪೀಜ್ ನಿಲ್ಲಲಿಲ್ಲ. ಅದರ ಗೋಪುರ ನೆಲದ ಮೇಲಿತ್ತು, ಕಾರ್ಯಕ್ರಮ ಮಾಡುವವರು ಅಹಮದಾಬಾದಿನ ಇಸ್ರೊ ಬಾಹ್ಯಾಕಾಶ ಉಪಯೋಗ ಕೇಂದ್ರದಲ್ಲಿದ್ದರು. ಯಶ್ ಪಾಲ್ ಆ ಕೇಂದ್ರದ ಮೊದಲ ನಿರ್ದೇಶಕರು. ನಾನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸುಮಾರು ಆರುನೂರು ಸಾರ್ವಜನಿಕ ಟಿವಿ ಪೆಟ್ಟಿಗೆಗಳನ್ನು ಇಡಲಾಗಿತ್ತು. ಖೇಡಾ ಎಂದರೆ ಅಮುಲ್ ಹುಟ್ಟಿದ ಜಿಲ್ಲೆ. ಹಾಲು ಹಾಕಲು ದಿನವೂ ಒಂದೆಡೆ ಸೇರಿ ರೂಢಿಯಿದ್ದ ಜನರಿಗೆ ಸಂಜೆ ಒಟ್ಟಿಗೆ ಕೂತು ಟಿವಿ ನೋಡುವುದು ಹೊರೆಯಾಗಲಿಲ್ಲ.

ಪೀಜ್‌ನ ಹೆಚ್ಚುಗಾರಿಕೆ ಇದ್ದದ್ದು ಕಾರ್ಯಕ್ರಮ ಹುಟ್ಟುತ್ತಿದ್ದ ಬಗೆಯಲ್ಲಿ. ಸಮಾಜವಿಜ್ಞಾನಿಗಳು ಮೊದಲು ಹಳ್ಳಿಗೆ ಹೋಗಿ ಅಲ್ಲಿ ಏನು ಬೇಕು, ಏನು ನೋಯುತ್ತಿದೆ ಎಂದು ತಿಳಿದು ಬರುತ್ತಿದ್ದರು. ಆಮೇಲೆ ಬರಹ, ಚಿತ್ರೀಕರಣ. ಪ್ರಸಾರವಾದ ಬಳಿಕ ಮತ್ತೆ ಹಳ್ಳಿಗೆ ಹೋಗಿ ಜನ ಏನಂದರು ಎಂದು ಕೇಳುತ್ತಿದ್ದರು. ಹಳ್ಳಿಯವರೇ ಕ್ಯಾಮೆರಾ ಮುಂದೆ ಬಂದು ತಮ್ಮದೇ ಗುಜರಾತಿಯಲ್ಲಿ ಮಾತಾಡಿದರು. ಕನಿಷ್ಠ ಕೂಲಿ, ಅಸ್ಪೃಶ್ಯತೆ, ಕುಡಿತ, ವರದಕ್ಷಿಣೆ ಎಲ್ಲವೂ ಚರ್ಚೆಗೆ ಬಂದವು. ‘ಚತುರ್ ಮೋಟಾ’, ಕಾನೂನು ಹಕ್ಕುಗಳ ತಿಳಿವಳಿಕೆ ಕೊಡುತ್ತಿದ್ದ ‘ದಾದ್ ಫರಿಯಾದ್’ ಕಾರ್ಯಕ್ರಮಗಳು ಮನೆಮಾತಾದವು. ಕೂಲಿಕಾರರ ಹಳ್ಳಿಯಲ್ಲಿ ಕೂಲಿಯ ಪ್ರಶ್ನೆಯನ್ನು ಎಲ್ಲರೆದುರು ಎತ್ತುವುದು ಸಣ್ಣ ಧೈರ್ಯವಲ್ಲ. ಸರ್ಕಾರಿ ಹಣದಲ್ಲಿ ನಡೆಯುತ್ತಿದ್ದ ಟಿವಿ ಅಷ್ಟು ಧೈರ್ಯ ತೋರಿತ್ತು ಎಂಬುದನ್ನು ಇಂದು ಗಟ್ಟಿಯಾಗಿ ನೆನೆಯಬೇಕು. 1984ರಲ್ಲಿ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೊ ಪ್ರಶಸ್ತಿಯೂ ಪೀಜ್‌ನ ಈ ಖೇಡಾ ಯೋಜನೆಗೆ ಬಂತು.

ಅಷ್ಟರಲ್ಲಿ ದೇಶದ ದಿಕ್ಕು ಬೇರೆಯಾಗಿತ್ತು. 1982ರ ಆಗಸ್ಟ್ 15ರಂದು ದಿಲ್ಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, ನವೆಂಬರಿನಲ್ಲಿ ಏಷ್ಯಾಡ್ ಕ್ರೀಡಾಕೂಟ ಬಂತು, ಬಣ್ಣದ ಟಿವಿ ಬಂತು. 1984ರಲ್ಲಿ ದಿನಕ್ಕೊಂದರಂತೆ ಕಡಿಮೆ ಶಕ್ತಿಯ ಪ್ರಸಾರಕಗಳು ಎದ್ದವು. ನೂರು ವ್ಯಾಟ್‌ನ ಈ ಯಂತ್ರಗಳು ಊರಿನ ಸುತ್ತ ಹದಿನೈದು–ಇಪ್ಪತ್ತು ಕಿಲೋಮೀಟರ್‌ವರೆಗೆ ಚಿತ್ರ ತಲುಪಿಸುತ್ತಿದ್ದವು. ಒಂದು ಊರಿನ ಟಿವಿಗೆ ಇದಕ್ಕಿಂತ ಒಪ್ಪುವ ಅಳತೆ ಇಲ್ಲ. ಆದರೆ ಬಹುತೇಕ ಕಡೆ ಅವಕ್ಕೆ ಸ್ಟುಡಿಯೊ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ, ಊರಿನ ಕಥೆ ಹೇಳುವ ಒಬ್ಬ ನೌಕರನೂ ಇರಲಿಲ್ಲ. ಇನ್ಸಾಟ್-1ಬಿ ಉಪಗ್ರಹ ತಂದದ್ದನ್ನು ಹಿಡಿದು ಮರುಪ್ರಸಾರ ಮಾಡುವುದಷ್ಟೇ ಅವುಗಳ ಕೆಲಸ. ಪಿ.ಸಿ. ಜೋಶಿ ನೇತೃತ್ವದ ಸರ್ಕಾರಿ ಸಮಿತಿ ಅದೇ ಕಾಲದಲ್ಲಿ ಈ ದಿಲ್ಲಿಮುಖಿ ನೋಟವನ್ನು ಟೀಕಿಸಿ, ಯಂತ್ರಕ್ಕೆ ಸಿಕ್ಕ ಗಮನ ಕಾರ್ಯಕ್ರಮಕ್ಕೆ ಸಿಗುತ್ತಿಲ್ಲವೆಂದು ಎಚ್ಚರಿಸಿತ್ತು. ವರದಿ ಓದಿದವರು ಮೆಚ್ಚಿದರು. ಆಚರಣೆಗೆ ಬಂದದ್ದು ಕಡಿಮೆ.

ಪೀಜ್‌ಗೂ ಆ ಬಿಸಿ ತಟ್ಟಿತು. ಅಹಮದಾಬಾದಿನಲ್ಲಿ ದೊಡ್ಡ ಪ್ರಸಾರಕ ಬಂದ ಮೇಲೆ, 1980ರ ದಶಕದ ಮಧ್ಯದಲ್ಲಿ, ಪೀಜ್‌ನ ಯಂತ್ರವನ್ನು ಮದ್ರಾಸಿನ ಎರಡನೇ ವಾಹಿನಿಗೆಂದು ಎತ್ತಿಕೊಂಡು ಹೋಗಲು ನಿರ್ಧಾರವಾಯಿತು. ಖೇಡಾದ ಜನ ಪ್ರತಿಭಟಿಸಿದರು. ಒಂದು ಟಿವಿ ಪ್ರಸಾರಕವನ್ನು ಉಳಿಸಿಕೊಳ್ಳಲು ಹಳ್ಳಿಯವರು ಬೀದಿಗಿಳಿದದ್ದೇ ಆ ಯೋಜನೆಗೆ ಸಿಕ್ಕ ದೊಡ್ಡ ಪ್ರಮಾಣಪತ್ರ. ಯುನೆಸ್ಕೊ ಪ್ರಶಸ್ತಿಗಿಂತಲೂ ದೊಡ್ಡದು.

ಕರ್ನಾಟಕದ ಕಥೆಯೂ ಇದರಾಚೆಗಿಲ್ಲ. ‘ಸೈಟ್’ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಾಕ್ಕೆ ಪ್ರಸಾರಕ ಬಂತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು. ಅಂದರೆ ಟಿವಿ ಈ ನಾಡಿನಲ್ಲಿ ರಾಜಧಾನಿಗಿಂತ ಮೊದಲು ಬಿಸಿಲನಾಡನ್ನು ಮುಟ್ಟಿತ್ತು. ಆ ಮುನ್ನಡೆ ಖೇಡಾ ಮಾದರಿಯ ತಂಡವಾಗಿ ಬೆಳೆದಿದ್ದರೆ ತೊಗರಿ ಬೆಲೆ, ಗುಳೆ, ಕುಡಿಯುವ ನೀರಿನ ಬಗ್ಗೆ ಕಲಬುರಗಿಯ ಕನ್ನಡದಲ್ಲೇ ಮಾತಾಡುವ ಟಿವಿ ನಮಗೆ ದಕ್ಕುತ್ತಿತ್ತು.

ಅನಲಾಗ್ ಪ್ರಸಾರಕಗಳನ್ನು ಪ್ರಸಾರ ಭಾರತಿ 2022ರ ಹೊತ್ತಿಗೆ ಬಹುಪಾಲು ಮುಚ್ಚಿಬಿಟ್ಟಿದೆ. ಹಳೆಯ ತಂತ್ರಜ್ಞಾನ ಹೋಗಲಿ, ಅದಕ್ಕೆ ತಕರಾರಿಲ್ಲ. ಊರ ದನಿಗೆ ಜಾಗ ಸಿಗುತ್ತದೆಯೇ ಎಂಬುದೇ ಪ್ರಶ್ನೆ. ಸಮುದಾಯ ಬಾನುಲಿಗೆ 2002ರಲ್ಲಿ ಶಿಕ್ಷಣ ಸಂಸ್ಥೆಗಳ ಮೂಲಕ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ಬಾಗಿಲು ತೆರೆಯಿತು. ಸರಗೂರಿನ ಜನಧ್ವನಿಯಂಥ ಕೇಂದ್ರಗಳು ಅದರಿಂದಲೇ ಹುಟ್ಟಿದವು. ಟಿವಿಗೆ ಅಂಥ ಬಾಗಿಲು ಇನ್ನೂ ತೆರೆದಿಲ್ಲ. ಕೇಂದ್ರ ಸರ್ಕಾರ ಸಮುದಾಯ ಟಿವಿಗೂ ಪರವಾನಗಿ ನೀತಿ ರೂಪಿಸಬೇಕು. ಮೊದಲ ಪ್ರಯೋಗಕ್ಕೆ ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳನ್ನೇ ಆರಿಸಬೇಕು. ಹಣವನ್ನು ಯಂತ್ರಕ್ಕೆ ಸುರಿಯುವ ಮೊದಲು ಹಳ್ಳಿಗೆ ಹೋಗಿ ಕೇಳಿಬರುವ ತಂಡಕ್ಕೆ ಕೊಡಬೇಕು.