ಹೊಣೆಗೂ ಬೆಲೆಯೇ?

ನಮ್ಮ ಪತ್ರಿಕೆಯ ಕಟ್ಟುಗಳನ್ನು ಪ್ರತಿದಿನವೂ ನಸುಕಿನಲ್ಲಿ ಹಳ್ಳಿಗಳಿಗೆ ಮುಟ್ಟಿಸುವ ತರುಣ ಏಜೆಂಟರೊಬ್ಬರು ಮೊನ್ನೆ ಕಚೇರಿಗೆ ಬಂದು ಒಂದು ಕಾಗದವನ್ನು ನಮ್ಮ ಮೇಜಿನ ಮೇಲಿರಿಸಿದರು. ಅದು ಅವರು ಕೊಳ್ಳಲು ನಿಶ್ಚಯಿಸಿರುವ ಮೋಟಾರ್ ಸೈಕಲ್ಲಿನ ಬೆಲೆಪಟ್ಟಿ. ಗಾಡಿಯ ಬೆಲೆ, ರಸ್ತೆ ತೆರಿಗೆ, ನೋಂದಣಿ, ವಿಮೆ, ಇವುಗಳ ಕೆಳಗೆ ‘ವಿಸ್ತೃತ ವಾರಂಟಿ’ ಎಂಬ ಒಂದು ಸಾಲು. ಅದರ ಎದುರಿಗೆ 2,400 ರೂಪಾಯಿ. ಆ ಸಾಲನ್ನು ಅವರು ಕೇಳಿ ಬರೆಯಿಸಿದುದಲ್ಲ; ಬೇಡವೆನಿಸಿದರೆ ಬಿಡಬಹುದೆಂದು ಅವರಿಗೆ ಯಾರೂ ತಿಳಿಸಿದುದೂ ಇಲ್ಲ. “ಇದು ಬೇಕೋ ಬೇಡವೋ, ತಾವೇ ಹೇಳಬೇಕು ಸಾರ್” ಎಂದರು. ಕೂಡಲೆ ಉತ್ತರ ಹೇಳಲು ನಮ್ಮಿಂದಾಗಲಿಲ್ಲ. ಕಾಗದವನ್ನು ಇಟ್ಟುಕೊಂಡು ಎರಡು ದಿನ ವಿಚಾರ ಮಾಡಿದೆವು. ಪಟ್ಟಣಗಳ ಷೋರೂಮುಗಳಲ್ಲಿ ನಿತ್ಯವೂ ಎಷ್ಟೋ ಮಂದಿ ಇದೇ ಸಾಲಿಗೆ ಓದದೆ ಸಹಿ ಹಾಕುತ್ತಿರುವುದರಿಂದ, ಆ ವಿಚಾರವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ಈ ವಸ್ತುವಿನ ಸ್ವರೂಪವೇನೆಂಬುದನ್ನು ತಿಳಿಯತಕ್ಕದ್ದು. ಗಾಡಿಯನ್ನು ತಯಾರಿಸಿದವನು, ತನ್ನ ಕೆಲಸದಲ್ಲಿ ದೋಷವಿದ್ದರೆ ಇಷ್ಟು ಕಾಲದೊಳಗೆ, ಇಷ್ಟು ಕಿಲೋಮೀಟರಿನೊಳಗೆ ತಾನೇ ಸರಿಪಡಿಸಿಕೊಡುವೆನೆಂದು ಒಪ್ಪುವ ಹೊಣೆಯೇ ವಾರಂಟಿ. ಇದು ಗಾಡಿಯ ಬೆಲೆಯಲ್ಲಿಯೇ ಸೇರಿರುವುದು. ಕಂಪನಿಯನ್ನು ಅನುಸರಿಸಿ ಎರಡು ಮೂರು ವರ್ಷಗಳಿಂದ ಐದು ವರ್ಷಗಳವರೆಗೂ ಇರುವುದುಂಟು. ಈ ಅವಧಿ ತೀರಿದ ಮೇಲೆ ಅದೇ ಹೊಣೆಯನ್ನು ಮತ್ತಷ್ಟು ಕಾಲ ಹೊರುವುದಕ್ಕೆ ಪ್ರತ್ಯೇಕವಾಗಿ ಹಣ ಪಡೆಯುವುದು ವಿಸ್ತೃತ ವಾರಂಟಿ. ಇದನ್ನು ವಿಮೆಯೊಡನೆ ಬೆರೆಸಿಕೊಳ್ಳುವವರು ಬಹುಮಂದಿ. ಗಾಡಿ ಬಿದ್ದು ಮುರಿದರೆ, ಕಳವಾದರೆ, ವಾರಂಟಿಯಿಂದ ಒಂದು ಕಾಸೂ ಬಾರದು; ಅದು ಸಮಗ್ರ ವಿಮೆಯ ಕೆಲಸ. ಇತರರಿಗೆ ಆಗುವ ಹಾನಿಯ ವಿಮೆಯಂತೂ ಕಾನೂನಿನಿಂದ ಕಡ್ಡಾಯ. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಅದನ್ನು ಐದು ವರ್ಷಗಳಿಗೆ ಒಟ್ಟಿಗೆ ಮಾಡಿಸಬೇಕಾಗಿದೆ. ವಿಸ್ತೃತ ವಾರಂಟಿಗೆ ಅಂತಹ ಯಾವ ಕಡ್ಡಾಯವೂ ಇಲ್ಲ. ಅದು ಕೊಳ್ಳುವವನ ಇಚ್ಛೆಗೆ ಬಿಟ್ಟ ಸರಕು. ವಿಮೆ ಮತ್ತು ತೆರಿಗೆಗಳ ಸಾಲಿನಲ್ಲಿ ಅದನ್ನು ಕೂಡಿಸಿ ಬರೆಯುವುದರಿಂದಲೇ ಅದಕ್ಕೆ ಕಡ್ಡಾಯದ ಮುಖ ಬಂದಿರುವುದು.

ಇನ್ನು ಈ ಹೊಣೆಯಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ? ಎಂಜಿನ್ನಿನ ಒಳಭಾಗ, ಗೇರುಪೆಟ್ಟಿಗೆ, ಕೆಲವು ವಿದ್ಯುತ್ ಭಾಗಗಳು ಸಾಮಾನ್ಯವಾಗಿ ಸೇರಿರುವುವು. ಆದರೆ ಬ್ರೇಕ್ ಷೂ, ಕ್ಲಚ್ ಪ್ಲೇಟು, ಚೈನು, ಕೇಬಲ್ಲು, ಬಲ್ಬು, ಫಿಲ್ಟರು, ಆಯಿಲು ಮೊದಲಾದ ಸವೆಯುವ ವಸ್ತುಗಳು ಸೇರುವುದಿಲ್ಲ. ಟೈರು ಬ್ಯಾಟರಿಗಳ ಹೊಣೆ ಅವನ್ನು ತಯಾರಿಸಿದವರದು. ಸಾಮಾನ್ಯ ಸವಾರನು ಐದು ವರ್ಷಗಳಲ್ಲಿ ಮೆಕ್ಯಾನಿಕ್ಕಿನ ಕೈಗೆ ಕೊಡುವ ಹಣದಲ್ಲಿ ಹೆಚ್ಚು ಪಾಲು ಈ ಸವೆಯುವ ವಸ್ತುಗಳಿಗೇ ಸಲ್ಲುವುದೆಂಬುದು ಗಾಡಿ ಇಟ್ಟವರೆಲ್ಲರಿಗೂ ಅನುಭವವೇದ್ಯ. ಆದುದರಿಂದ ‘ಇನ್ನು ಐದು ವರ್ಷ ಖರ್ಚೇ ಇಲ್ಲ’ ಎಂದು ಮಾರಾಟಗಾರನು ಹೇಳಿದರೆ ಆ ಮಾತು ಸತ್ಯಕ್ಕೆ ಬಹುದೂರ.

ಮತ್ತೊಂದು ಸಂಗತಿಯಿದೆ. ಯಂತ್ರಗಳು ಕೆಡುವ ಕ್ರಮವನ್ನು ಬಲ್ಲವರು ಹೇಳುವುದೇನೆಂದರೆ, ತಯಾರಿಕೆಯ ದೋಷಗಳು ಬಹುಮಟ್ಟಿಗೆ ಮೊದಲ ಕೆಲವು ತಿಂಗಳುಗಳಲ್ಲಿಯೇ ಹೊರಬೀಳುವುವು. ಸವೆತದ ದೋಷಗಳು ಬಹುಕಾಲದ ಓಟದ ಮೇಲೆ ಬರುವುವು. ನಡುವಿನ ಕಾಲವು ಯಂತ್ರಕ್ಕೆ ಆರೋಗ್ಯದ ಕಾಲ. ಮೊದಲನೆಯದನ್ನು ಮೂಲ ವಾರಂಟಿಯೇ ಹೊರುತ್ತದೆ; ಕೊನೆಯದನ್ನು ಸವೆತವೆಂದು ಯಾವ ವಾರಂಟಿಯೂ ಹೊರುವುದಿಲ್ಲ. ವಿಸ್ತೃತ ವಾರಂಟಿಯು ಬಹುಮಟ್ಟಿಗೆ ಆ ನಡುವಿನ ಆರೋಗ್ಯದ ಕಾಲಕ್ಕೆ ಮಾರಲ್ಪಡುವ ಔಷಧ.

ಈಗ ನಮ್ಮ ಏಜೆಂಟರ ಲೆಕ್ಕವನ್ನೇ ತೆಗೆದುಕೊಳ್ಳೋಣ. ಅವರ ಕಾಗದದಲ್ಲಿ ಮೂಲ ವಾರಂಟಿ ಮೂರು ವರ್ಷ ಅಥವಾ 40,000 ಕಿಲೋಮೀಟರು. ವಿಸ್ತರಿಸಿದ ಮೇಲೆ ಒಟ್ಟು ಐದು ವರ್ಷ ಅಥವಾ 60,000 ಕಿಲೋಮೀಟರು. ಎರಡರಲ್ಲಿಯೂ ‘ಯಾವುದು ಮೊದಲೋ ಅದು’ ಎಂಬ ಷರತ್ತು. ಅವರು ದಿನಕ್ಕೆ 60 ಕಿಲೋಮೀಟರು ಓಡಿಸುವವರು. ಎಂದರೆ ವರ್ಷಕ್ಕೆ 21,900. ಮೂಲ ವಾರಂಟಿಯು ಮೂರು ವರ್ಷಗಳ ಬದಲು ಸುಮಾರು 22 ತಿಂಗಳುಗಳಲ್ಲಿ ತೀರುವುದು. ಐದು ವರ್ಷದ್ದೆಂದು ಹೇಳಿದ ವಿಸ್ತೃತ ವಾರಂಟಿಯು 33 ತಿಂಗಳುಗಳಲ್ಲಿ ಮುಗಿಯುವುದು. ಎರಡು ವರ್ಷದ ಹೊಣೆಯೆಂದು ಹಣ ಕೊಟ್ಟು ಅವರು ಪಡೆಯುವುದು ಹನ್ನೊಂದು ತಿಂಗಳ ಹೊಣೆಯನ್ನು ಮಾತ್ರ! ಇದಕ್ಕೆ ವಿರುದ್ಧವಾಗಿ, ದಿನಕ್ಕೆ ಎಂಟು ಕಿಲೋಮೀಟರು ಓಡಾಡುವ ನಿವೃತ್ತ ಉಪಾಧ್ಯಾಯರಿಗೆ ಐದು ವರ್ಷಗಳೂ ಪೂರ್ತಿಯಾಗಿ ದೊರೆಯುವುವು. ಆದರೆ ಅಷ್ಟು ಕಾಲದಲ್ಲಿ ಅವರ ಗಾಡಿ 15,000 ಕಿಲೋಮೀಟರನ್ನೂ ಮುಟ್ಟದು. ಕೆಡುವ ಸಂಭವವೇ ಕಡಮೆ. ದಿನಕ್ಕೆ ಮೂವತ್ತು ಕಿಲೋಮೀಟರು ಓಡಿಸುವ ಕಾರ್ಖಾನೆಯ ನೌಕರನಿಗೆ ಐದು ವರ್ಷಗಳಲ್ಲಿ ಸುಮಾರು 54,750 ಆಗುವುದರಿಂದ ಅವಧಿಯೂ ದೂರವೂ ಒಟ್ಟಿಗೆ ಸಲ್ಲುವುವು. ಒಂದೇ ಕಾಗದ, ಒಂದೇ ಬೆಲೆ. ಮೂವರಿಗೆ ಮೂರು ಬಗೆಯ ಫಲ. ಹೀಗಿರುವಾಗ ಎಲ್ಲರ ಬೆಲೆಪಟ್ಟಿಯಲ್ಲಿಯೂ ಅದನ್ನು ಒಂದೇ ಸಮನಾಗಿ ಸೇರಿಸುವುದು ನ್ಯಾಯವೇ?

ಹಣದ ಲೆಕ್ಕವೂ ಹೀಗೆಯೇ. ಹತ್ತು ಮಂದಿ ತಲಾ 2,400 ರೂಪಾಯಿ ಕೊಟ್ಟರೆ 24,000 ಕೂಡಿತು. ಅವರಲ್ಲಿ ಒಬ್ಬರ ಗಾಡಿ ಕೆಟ್ಟು 9,000 ರೂಪಾಯಿಯ ದುರಸ್ತಿ ಬಿದ್ದಿತೆಂದಿಟ್ಟುಕೊಳ್ಳೋಣ. ಆ ಒಬ್ಬನಿಗೆ ಲಾಭವೇ ಸರಿ. ಉಳಿದ 15,000 ರೂಪಾಯಿ ಕಂಪನಿಗೂ ಮಾರಿದವನಿಗೂ. ಲಾಭವಿಲ್ಲದಿದ್ದರೆ ಅವರು ಇದನ್ನು ಇಷ್ಟು ಉತ್ಸಾಹದಿಂದ ಮಾರುತ್ತಿರಲಿಲ್ಲವೆಂಬುದನ್ನು ತಿಳಿಯಲು ಅರ್ಥಶಾಸ್ತ್ರ ಬೇಕಾಗಿಲ್ಲ. ಸಾಲದ ಮೇಲೆ ಗಾಡಿ ಕೊಳ್ಳುವವನಿಗಂತೂ ಈ ಮೊತ್ತವೂ ಸಾಲಕ್ಕೆ ಸೇರಿ ಅದರ ಮೇಲೆ ಬಡ್ಡಿಯೂ ಬೀಳುವುದು.

ಆದರೆ ಒಂದೇ ಪಕ್ಷವನ್ನು ಹೇಳಿ ಮುಗಿಸುವುದು ಪತ್ರಿಕಾಧರ್ಮವಲ್ಲ. ವಿಸ್ತೃತ ವಾರಂಟಿಯ ಪರವಾಗಿಯೂ ಹೇಳತಕ್ಕ ಮಾತಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಹೊಣೆ ಹೊರಬೇಕಾದ ಕಾರ್ಖಾನೆಯೇ ಇಲ್ಲವಾದ ಮೇಲೆಯೂ ಅಲ್ಲಿ ತಯಾರಾದ ಜಾವಾ, ಯೆಜ್ದಿ ಗಾಡಿಗಳು ನಮ್ಮ ಊರುಗಳಲ್ಲಿ ಇಂದಿಗೂ ಓಡುತ್ತಿರುವುವು. ಅವುಗಳನ್ನು ಉಳಿಸಿದುದು ಕಾಗದದ ಹೊಣೆಯಲ್ಲ. ಗಲ್ಲಿಯ ಮೂಲೆಯಲ್ಲಿ ಕುಳಿತ ಮೆಕ್ಯಾನಿಕ್ಕಿನ ಕೈಗುಣ. ಆದರೆ ಅವು ಕಾರ್ಬ್ಯುರೇಟರಿನ ಸರಳವಾದ ಗಾಡಿಗಳು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಕಾರ್ಬ್ಯುರೇಟರಿನ ಸ್ಥಾನವನ್ನು ಬಹುಮಟ್ಟಿಗೆ ಇಂಧನವನ್ನು ಅಳೆದು ಚಿಮ್ಮಿಸುವ ಇಲೆಕ್ಟ್ರಾನಿಕ್ ವ್ಯವಸ್ಥೆಯು ಆಕ್ರಮಿಸಿದೆ. 125 ಸಿಸಿಗಿಂತ ಮೇಲಿನ ಹೊಸ ಗಾಡಿಗಳಿಗೆ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯವಾಗಿದೆ. ಈ ಭಾಗಗಳನ್ನು ಬಿಚ್ಚಿ ತಿದ್ದುವುದು ಕಷ್ಟ. ಕೆಟ್ಟರೆ ಅನೇಕ ವೇಳೆ ಇಡಿಯಾಗಿ ಬದಲಾಯಿಸಬೇಕು. ಖರ್ಚು ಸಾವಿರಗಳಲ್ಲಿ ಬರುವುದು. ದೊಡ್ಡ ಎಂಜಿನ್ನಿನ, ದುಬಾರಿ ಬಿಡಿಭಾಗಗಳ ಗಾಡಿ ಕೊಳ್ಳುವವರಿಗೂ, ವಿದ್ಯುತ್ ಗಾಡಿ ಕೊಳ್ಳುವವರಿಗೂ ವಿಸ್ತೃತ ಹೊಣೆಯನ್ನು ನಾವು ಬೇಡವೆನ್ನಲಾರೆವು. ವಿದ್ಯುತ್ ಗಾಡಿಯಲ್ಲಿ ಬ್ಯಾಟರಿಯೇ ಎಲ್ಲಕ್ಕಿಂತ ದುಬಾರಿಯ ಭಾಗವಾದುದರಿಂದ, ಹೊಣೆಯು ಬ್ಯಾಟರಿಗೆ ಎಷ್ಟು ಕಾಲ, ಅದರ ಶಕ್ತಿ ಎಷ್ಟಕ್ಕೆ ಇಳಿದರೆ ಬದಲಾಯಿಸಿಕೊಡುವರು ಎಂಬುದನ್ನು ಕೇಳಿಯೇ ಕೊಳ್ಳತಕ್ಕದ್ದು. ಒಂದೇ ಬಾರಿಗೆ ಹತ್ತು ಸಾವಿರದ ಪೆಟ್ಟು ಬಿದ್ದರೆ ಮನೆಯ ಅಡಿಗೆಯೇ ನಿಲ್ಲುವ ಸ್ಥಿತಿಯಲ್ಲಿರುವವನು, ಲೆಕ್ಕದಲ್ಲಿ ನಷ್ಟವೆಂದು ತಿಳಿದೂ ನೆಮ್ಮದಿಗಾಗಿ ಹಣ ಕೊಟ್ಟರೆ ಅವನನ್ನು ಅವಿವೇಕಿಯೆನ್ನುವ ಅಧಿಕಾರ ನಮಗಿಲ್ಲ.

ಆದರೆ ಆ ನೆಮ್ಮದಿಯು ನಿಜವಾಗಿ ದೊರೆಯುವುದೇ? ಇಲ್ಲಿ ನಮ್ಮ ಅನುಭವವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಮುದ್ರಣಾಲಯಕ್ಕೆ ಕೊಂಡ ಗಾಡಿಗೆ ಇಂತಹ ಹೊಣೆಯನ್ನು ಹಣ ಕೊಟ್ಟು ಪಡೆದಿದ್ದೆವು. ನಾಲ್ಕನೆಯ ವರ್ಷ ಪೆಟ್ರೋಲ್ ಪಂಪು ಕೆಟ್ಟಿತು. ಕಾಗದ ಹಿಡಿದು ಹೋದಾಗ, ಒಂದು ಸರ್ವಿಸನ್ನು ಗೊತ್ತಾದ ಅವಧಿಗಿಂತ ತಡವಾಗಿ ಮಾಡಿಸಿರುವುದರಿಂದ ಹೊಣೆಯು ರದ್ದಾಗಿದೆಯೆಂದು ಉತ್ತರ ಬಂದಿತು. ಷರತ್ತು ಕಾಗದದ ಹಿಂಬದಿಯಲ್ಲಿ ಇದ್ದೇ ಇದ್ದಿತು. ಸಣ್ಣ ಅಕ್ಷರದಲ್ಲಿ, ಇಂಗ್ಲೀಷಿನಲ್ಲಿ. ದಿನವೂ ಅಚ್ಚುಮೊಳೆಗಳ ನಡುವೆ ಬದುಕುವ ನಾವೇ ಅದನ್ನು ಓದಿರಲಿಲ್ಲ. ತಪ್ಪು ನಮ್ಮದೆಂದು ಒಪ್ಪಿಕೊಂಡು ಹಣ ತೆತ್ತೆವು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯ ಅರ್ಥ ಅಂದು ನಮಗೆ ಚೆನ್ನಾಗಿ ಆಯಿತು.

ನಮ್ಮ ಏಜೆಂಟರ ಕಾಗದವನ್ನಾದರೋ ಈ ಬಾರಿ ಕನ್ನಡಕ ಹಾಕಿಕೊಂಡು ಕೊನೆಯವರೆಗೆ ಓದಿದೆವು. ಅದರಲ್ಲಿ, ವ್ಯಾಪಾರದ ಉದ್ದೇಶಕ್ಕೆ ಬಳಸಿದ ಗಾಡಿಗೆ ಈ ಹೊಣೆಯು ಸಲ್ಲದೆಂದು ಒಂದು ಷರತ್ತಿದೆ. ಪತ್ರಿಕೆಯ ಕಟ್ಟು ಹೊರುವುದು ವ್ಯಾಪಾರವೋ ಅಲ್ಲವೋ? ಹಣ ಪಡೆಯುವ ದಿನ ಯಾರೂ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಗಾಡಿ ಕೆಟ್ಟ ದಿನ ಮೊದಲು ಕೇಳುವುದೇ ಇದನ್ನು. ದೇಶದ ಕಾನೂನು ಈ ವಿಷಯದಲ್ಲಿ ಹೆಚ್ಚು ಉದಾರವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಸ್ವಯಂ ಉದ್ಯೋಗದಿಂದ ಜೀವನ ಸಾಗಿಸುವುದಕ್ಕಾಗಿಯೇ ವಸ್ತುವನ್ನು ಕೊಂಡು ತಾನೇ ಬಳಸುವವನನ್ನು ಗ್ರಾಹಕನೆಂದೇ ಎಣಿಸುತ್ತದೆ. ಆದರೆ ಕಾನೂನು ಅವನಿಗೆ ನ್ಯಾಯಾಂಗಣದ ಬಾಗಿಲನ್ನು ತೆರೆಯಬಹುದೇ ಹೊರತು, ತಾನೇ ಸಹಿ ಮಾಡಿದ ಷರತ್ತನ್ನು ತಾನಾಗಿ ಅಳಿಸಿಹಾಕದು.

ಆ ಬಾಗಿಲು ಇರುವುದನ್ನು ಜನರು ತಿಳಿದಿರಬೇಕು. ಒಂದು ವಸ್ತುವನ್ನು ಕೊಳ್ಳಬೇಕಾದರೆ ಮತ್ತೊಂದನ್ನೂ ಕೊಳ್ಳಲೇಬೇಕೆಂದು ಕಟ್ಟುಹಾಕುವುದನ್ನು ಅದೇ ಕಾಯಿದೆಯು ನಿರ್ಬಂಧಕ ವ್ಯಾಪಾರವೆಂದು ಕರೆದಿದೆ. ಗ್ರಾಹಕನು ತಾನು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಕಾರಣ ಒದಗಿದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿಯೂ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿಂದ ಸಲಹೆ ಪಡೆಯಬಹುದು.

ವಾರಂಟಿಯು ಕೊಳ್ಳುವವನನ್ನು ಕಂಪನಿಯ ಸರ್ವಿಸ್ ಸ್ಟೇಷನ್ನಿಗೆ ಕಟ್ಟಿಹಾಕುವ ಹಗ್ಗವೂ ಆಗಬಲ್ಲುದು. 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿದಾಗ, ಬಿಡಿಭಾಗಗಳನ್ನೂ ದೋಷ ಪತ್ತೆಮಾಡುವ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್ಕುಗಳಿಗೆ ದೊರೆಯದಂತೆ ಮಾಡಿದುದೇ ಮುಖ್ಯ ಆಕ್ಷೇಪವಾಗಿದ್ದಿತು. ಆ ಆಜ್ಞೆಯ ಮೇಲೆ ಮೇಲ್ಮನವಿಗಳಾದುವು. ಆದರೆ ಎತ್ತಿದ ಪ್ರಶ್ನೆ ಅಳಿಯಲಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವನ್ನು ತೆರೆದು ವಾಹನಗಳನ್ನೂ ಅದರಲ್ಲಿ ಸೇರಿಸಿತು. ಬಿಡಿಭಾಗವೂ ಉಪಕರಣವೂ ಜ್ಞಾನವೂ ಊರಿನ ಮೆಕ್ಯಾನಿಕ್ಕಿಗೆ ದೊರೆಯುವಂತಾದರೆ, ಹೆದರಿಕೆಯಿಂದ ವಾರಂಟಿ ಕೊಳ್ಳುವ ಪ್ರಮೇಯವೇ ಅರ್ಧ ತಗ್ಗುವುದು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಕೊಳ್ಳುವವರು ಐದು ಪ್ರಶ್ನೆಗಳನ್ನು ಕೇಳಲಿ: ಈ ಹೊಣೆಯನ್ನು ಹೊರುವವನು ಗಾಡಿ ತಯಾರಿಸಿದವನೋ, ನಡುವಿನ ಮತ್ತೊಬ್ಬನೋ? ಯಾವ ಯಾವ ಭಾಗಗಳು ಸೇರಿಲ್ಲ? ನನ್ನ ಓಟದ ಲೆಕ್ಕದಲ್ಲಿ ಇದು ನಿಜವಾಗಿ ಎಷ್ಟು ತಿಂಗಳು ಬಾಳುವುದು? ಏನು ಮಾಡಿದರೆ ಇದು ರದ್ದಾಗುವುದು? ಗಾಡಿಯನ್ನು ಮಾರಿದರೆ ಹೊಸ ಒಡೆಯನಿಗೆ ಇದು ಸಲ್ಲುವುದೋ? ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಕಾಗದದಲ್ಲಿ ಕೇಳಲಿ. ಅವಸರವೂ ಬೇಡ, ಮೂಲ ವಾರಂಟಿಯು ಮುಗಿಯುವುದರೊಳಗಾಗಿ ವಿಸ್ತರಿಸಿಕೊಳ್ಳಲು ಅನೇಕ ಕಂಪನಿಗಳು ಅವಕಾಶ ಕೊಡುವುವು, ತಡವಾದರೆ ಬೆಲೆ ಸ್ವಲ್ಪ ಹೆಚ್ಚಬಹುದು, ಆದರೆ ಅಷ್ಟರಲ್ಲಿ ಗಾಡಿಯ ಗುಣ ತಿಳಿದಿರುವುದು. ಮಾರುವವರಾದರೋ, ಕೇಳದೆ ಈ ಸಾಲನ್ನು ಬೆಲೆಪಟ್ಟಿಗೆ ಸೇರಿಸುವುದನ್ನು ನಿಲ್ಲಿಸಲಿ. ಷರತ್ತುಗಳನ್ನು ಕೊಳ್ಳುವವನ ನುಡಿಯಲ್ಲಿ, ಓದಬಲ್ಲ ಅಕ್ಷರದಲ್ಲಿ ಅಚ್ಚುಮಾಡಿಸಲಿ. ವರ್ಷಕ್ಕೆ ಎಷ್ಟು ಹೊಣೆಪತ್ರಗಳನ್ನು ಮಾರಿದರು, ಎಷ್ಟು ದೂರುಗಳಿಗೆ ಹಣ ತೆತ್ತರು ಎಂಬುದನ್ನು ಪ್ರಕಟಿಸಲಿ. ತಮ್ಮ ಕೆಲಸದಲ್ಲಿ ನಂಬಿಕೆಯುಳ್ಳವರಿಗೆ ಇದರಿಂದ ನಷ್ಟವೇನು?

ನಮ್ಮ ಏಜೆಂಟರಿಗೆ ಹೇಳಿದ ಮಾತು ಇದು: “ಆ ಸಾಲನ್ನು ಹೊಡೆದುಹಾಕಿಸಿ, ಹೊಸ ಬೆಲೆಪಟ್ಟಿ ಬರೆಯಿಸಿಕೊಂಡು ಬನ್ನಿ. ಆ 2,400 ರೂಪಾಯಿಯನ್ನು ಅಂಚೆ ಕಚೇರಿಯ ಉಳಿತಾಯ ಖಾತೆಯಲ್ಲಿಡಿ. ತಿಂಗಳಿಗೆ ನೂರು ರೂಪಾಯಿ ಸೇರಿಸುತ್ತ ಹೋಗಿ. ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸಿ. ಗಾಡಿ ಕೆಟ್ಟರೆ ಹಣ ಒದಗುವುದು. ಕೆಡದಿದ್ದರೆ ಹಣ ನಿಮ್ಮದೇ.” ಅವರು ಹೋಗಿ ಹಾಗೆಯೇ ಮಾಡಿಸಿದರು. ಷೋರೂಮಿನವರು ಯಾವ ತಕರಾರನ್ನೂ ಮಾಡದೆ ಆ ಸಾಲನ್ನು ತೆಗೆದುಹಾಕಿದರಂತೆ. ಕೇಳಿದ ಮಾತ್ರಕ್ಕೆ ಹೋಗುವ ಸಾಲು ಕೇಳದೆಯೇ ಬಂದುದೇಕೆ ಎಂಬ ಪ್ರಶ್ನೆಯೊಂದೇ ಉಳಿದಿದೆ. ಉತ್ತರವನ್ನು ಮಾರುವವರು ಕೊಡಬೇಕು. ಪ್ರಶ್ನೆಯನ್ನು ಮಾತ್ರ ಕೊಳ್ಳುವವರೆಲ್ಲರೂ ಕೇಳುತ್ತಲೇ ಇರಬೇಕು.