ಪಾರ್ಸೆಲ್ ನಿಮ್ಮ ಮನೆಗೆ, ಕಸ ಪಚ್ಚನಾಡಿಗೆ!

ಮಂಗಳೂರಿನ ಬಂಧುಗಳೇ,

ಮಳೆಗಾಲ ಹೊಸ್ತಿಲಿಗೆ ಬಂದಿದೆ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರ ಊರಿಗೆ ನುಗ್ಗಿದ್ದು ನಿಮಗೆಲ್ಲ ಗೊತ್ತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೂತುಹೋದವು. 27 ಕುಟುಂಬಗಳು ಮನೆ ಬಿಟ್ಟು ಹೊರಟವು. ಬಾವಿಗಳು ಕೆಟ್ಟವು, ಕಸದ ಕಪ್ಪು ನೀರು ಫಲ್ಗುಣಿ ನದಿಯ ಕಡೆಗೆ ಇಳಿಯಿತು. ಯಾರು ಮಾಡಿದ ಕಸಕ್ಕೆ ಯಾರ ತೋಟ ಹೋಯಿತು?

ಮೊನ್ನೆ ನಮ್ಮ ಮನೆಗೊಂದು ಚಾರ್ಜರ್ ವಯರ್ ಬಂತು. ಅದಕ್ಕೊಂದು ಪ್ಲಾಸ್ಟಿಕ್ ಕವರ್, ಕವರಿಗೊಂದು ಪೆಟ್ಟಿಗೆ, ಪೆಟ್ಟಿಗೆಗೆ ಗುಳ್ಳೆ ಹಾಳೆ, ಅದರ ಮೇಲೆ ಇನ್ನೊಂದು ಪೆಟ್ಟಿಗೆ, ಸುತ್ತಲೂ ಟೇಪು. ಟೇಪು ಎಳೆದರೆ ರಟ್ಟೂ ಕಿತ್ತುಕೊಂಡು ಬಂತು. ಗುಜರಿಯವರು ಮುಟ್ಟಲಿಲ್ಲ. ಕಸದ ಗಾಡಿಗೇ ಹೋಯಿತು. ಕದ್ರಿ, ಬಿಜೈ, ಸುರತ್ಕಲ್, ಯಾವ ಓಣಿಯಲ್ಲಿ ದಿನಕ್ಕೆ ಹತ್ತು ಇಂಥ ಪೊಟ್ಟಣ ಇಳಿಯುವುದಿಲ್ಲ ಹೇಳಿ. ಜತೆಗೆ ಒಡೆದ ಮೊಬೈಲು, ಉಬ್ಬಿದ ಬ್ಯಾಟರಿ. ಅದೂ ಮೀನಿನ ಮುಳ್ಳಿನ ಜತೆ ಒಂದೇ ಚೀಲದಲ್ಲಿ.

ಕಾನೂನು ಇಲ್ಲವೆಂದಲ್ಲ. ಪ್ಲಾಸ್ಟಿಕ್ ಹೊದಿಕೆ ಮಾರುಕಟ್ಟೆಗೆ ಬಿಟ್ಟವರೇ ಅದರ ಹೊಣೆ ಹೊರಬೇಕೆಂದು 2016ರ ನಿಯಮವೇ ಹೇಳುತ್ತದೆ. ಆದರೆ 2022ರಿಂದ, ಬೇರೆಲ್ಲೋ ಮರುಬಳಕೆಯಾದ ಪ್ಲಾಸ್ಟಿಕ್ಕಿನ ಪ್ರಮಾಣಪತ್ರ ಕೊಂಡರೂ ಕಂಪನಿಯ ಲೆಕ್ಕ ಚುಕ್ತಾ. ಪತ್ರ ಯಾವ ಊರಿನದೋ, ಕಸ ಮಾತ್ರ ಪಚ್ಚನಾಡಿಯದು!

ನಮ್ಮ ಊರನ್ನು ‘ಸಿಲಿಕಾನ್ ಬೀಚ್’ ಮಾಡುತ್ತೇವೆ ಎನ್ನುತ್ತಾರೆ. ಮಾಡಿ. ನಮ್ಮ ಮಕ್ಕಳು ಬೆಂಗಳೂರಿಗೆ ಹೋಗದೆ ಇಲ್ಲೇ ದುಡಿಯಲಿ ಎಂದು ನಮಗೂ ಆಸೆಯಿದೆ. ಬಿಸಿಲು ಮಳೆ ಎನ್ನದೆ ಪಾರ್ಸೆಲ್ ತರುವ ಹುಡುಗರ ಮೇಲೆ ನಮಗೆ ಕೋಪವಿಲ್ಲ. ಆದರೆ ವೇದಿಕೆ ಮೇಲೆ ಡಿಜಿಟಲ್ ಎಂದು ಕೂಗುವವರ ಬಾಯಲ್ಲಿ ಪಚ್ಚನಾಡಿ ಎಂಬ ನಾಲ್ಕಕ್ಷರ ಯಾಕೆ ಬರುವುದಿಲ್ಲ?

“ರಟ್ಟಿನ ಪೆಟ್ಟಿಗೆಯಿಂದ ಗುಡ್ಡ ಜರಿಯುತ್ತದೆಯೇ?” ಎಂದು ಕೇಳುವ ಬುದ್ಧಿವಂತರು ಜಡಿಮಳೆಯ ಒಂದು ಆಟಿ ತಿಂಗಳು ಮಂದಾರದಲ್ಲಿ ಬಿಡಾರ ಹೂಡಲಿ. ಆಮೇಲೆ ಮಾತಾಡೋಣ.

ಆನ್‌ಲೈನ್ ನಮ್ಮ ಹೊಟ್ಟೆಗೆ ಹೊಡೆಯಿತು ಎನ್ನುವ ವ್ಯಾಪಾರಿಗಳೇ, ನಿಷೇಧಿತ ತೆಳು ಚೀಲ ಇನ್ನೂ ನಿಮ್ಮ ಅಂಗಡಿಯಲ್ಲೇ ನೇತಾಡುತ್ತಿದೆ. ಭಾನುವಾರ ಪಣಂಬೂರು ಬೀಚಿನಲ್ಲಿ ಕೈಗವಸು ತೊಟ್ಟು ಫೋಟೊಗೆ ನಿಲ್ಲುವ ಪರಿಸರಪ್ರೇಮಿಗಳೇ, ಪಚ್ಚನಾಡಿಯ ದಾರಿ ನಿಮಗೆ ತಿಳಿಯದೇ? ಅಲ್ಲಿನ ನಾತಕ್ಕೆ ಫೋಟೊ ಚೆನ್ನಾಗಿ ಬರುವುದಿಲ್ಲವೇ?

ಈ ಪೆಟ್ಟಿಗೆ, ಪ್ಲಾಸ್ಟಿಕ್ಕನ್ನು ಕಳಿಸಿದವರೇ ಹಿಂದಕ್ಕೆ ಒಯ್ಯಲಿ. ಪಾಲಿಕೆ ಒಯ್ಯಿಸಲಿ. ಹೇಗೆಂದು ಕೂತು ಯೋಚಿಸಲಿಕ್ಕೇ ಅಧಿಕಾರಿಗಳಿರುವುದು.

ಬರುವ ಸೋಮವಾರ ಬೆಳಿಗ್ಗೆ 10ಕ್ಕೆ ಲಾಲ್‌ಬಾಗ್‌ನ ಪಾಲಿಕೆ ಕಚೇರಿ ಎದುರು ಸೇರೋಣ. ಮನೆಯಲ್ಲಿ ಬಿದ್ದಿರುವ ಒಂದು ಖಾಲಿ ಪೆಟ್ಟಿಗೆ ತನ್ನಿ. ಟೇಪು ಕೀಳಬೇಡಿ, ಬಂದ ಹಾಗೆಯೇ ತನ್ನಿ.